ಅಮೆರಿಕದಲ್ಲಿ ಯಾವ ಅಪರಾಧ ಫೆಲನಿ? ಕೇಸಿನ ಕಾಗದ ಓದುವ ಬಗೆ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಬ್ಬ ವಿದ್ಯಾರ್ಥಿ ಸೆಲ್ಫ್ ಚೆಕ್‌ಔಟ್‌ನಲ್ಲಿ ಕೆಲವು ಸಾಮಾನು ಸ್ಕ್ಯಾನ್ ಮಾಡಿ, ಕೆಲವನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹೊರಟ ಎನ್ನಿ. ದುಡ್ಡು ಕೊಡದೆ ಬಂದ ಸಾಮಾನಿನ ಬೆಲೆ 210 ಡಾಲರ್. ಆ ರಾಜ್ಯದಲ್ಲಿ ಅದು ನಾಲ್ಕನೇ ಡಿಗ್ರಿಯ ಕ್ರೈಮ್. ಕಾನೂನಿನಲ್ಲಿ 18 ತಿಂಗಳವರೆಗೆ ಸೆರೆವಾಸ ಬರೆದಿದೆ, ಅಂದರೆ ಶಿಕ್ಷೆಯ ಲೆಕ್ಕದಲ್ಲಿ ಮೇಲಿನ ದರ್ಜೆಯ ಅಪರಾಧವಾದ ಫೆಲನಿಗೆ ಸಮ. ಅದೇ ಹುಡುಗ ಹಡ್ಸನ್ ನದಿ ದಾಟಿ ಮ್ಯಾನ್‌ಹ್ಯಾಟನ್‌ನಲ್ಲಿ ಅಷ್ಟೇ ಬೆಲೆಯ ಸಾಮಾನು ತಂದಿದ್ದರೆ ಅದು ಸಣ್ಣ ಕಳ್ಳತನ, ಎ ದರ್ಜೆಯ ಮಿಸ್‌ಡಿಮೀನರ್ (ಫೆಲನಿಗಿಂತ ಕೆಳಗಿನ ಅಪರಾಧ), ಹೆಚ್ಚೆಂದರೆ 364 ದಿನ. ಮಾಡಿದ ಕೆಲಸ ಒಂದೇ, ಬೆಲೆಯೂ ಒಂದೇ, ನಡುವೆ ಇರುವುದು ಒಂದು ನದಿ.

ಫೆಲನಿಯನ್ನು ಕನ್ನಡದಲ್ಲಿ ‘ಘೋರ ಅಪರಾಧ’ ಎಂದು ಬರೆಯುವ ರೂಢಿಯಿದೆ. ಆ ಅನುವಾದದಿಂದ ದಾರಿ ತಪ್ಪುತ್ತದೆ. ಘೋರವೆನಿಸದ ಎಷ್ಟೋ ಕೆಲಸಗಳು ಫೆಲನಿಯಾಗಿವೆ, ಕೇಳಿದರೆ ಎದೆ ನಡುಗುವ ಕೆಲವು ಮಿಸ್‌ಡಿಮೀನರ್ ಆಗಿಯೇ ಉಳಿದಿವೆ. ನಮ್ಮಲ್ಲಿನ ಸಂಜ್ಞೇಯ–ಅಸಂಜ್ಞೇಯ, ಜಾಮೀನು ಸಿಗುವ–ಸಿಗದ ಎಂಬ ವಿಂಗಡಣೆಯೂ ಇದಕ್ಕೆ ಹೊಂದುವುದಿಲ್ಲ. ಅಮೆರಿಕದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಸೆಕ್ಷನ್‌ಗೆ ಕಾನೂನಿನಲ್ಲಿ ಬರೆದಿರುವ ಗರಿಷ್ಠ ಶಿಕ್ಷೆ ಎಷ್ಟು? ಒಂದು ವರ್ಷಕ್ಕಿಂತ ಹೆಚ್ಚಿದ್ದರೆ ಬಹುಮಟ್ಟಿಗೆ ಫೆಲನಿ. ನ್ಯಾಯಾಧೀಶರು ಕೊನೆಗೆ ಎಷ್ಟು ಕೊಟ್ಟರು ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಒಂದು ದಿನವೂ ಜೈಲಿನಲ್ಲಿ ಕಳೆಯದೆ ಬರೀ ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ನಿಗಾ) ಪಡೆದು ಮನೆಗೆ ಬಂದವರ ದಾಖಲೆಯಲ್ಲೂ ಫೆಲನಿ ಇರುತ್ತದೆ.

ಈ ‘ಬಹುಮಟ್ಟಿಗೆ’ ಎಂಬ ಮಾತಿನೊಳಗೆ ಐವತ್ತು ರಾಜ್ಯಗಳ ಕಾನೂನು ತುಂಬಿಕೊಂಡಿದೆ. ಹಾಗಾಗಿ ಕಾಗದ ಕೈಗೆ ಬಂದಾಗ ಈ ಕ್ರಮದಲ್ಲಿ ಓದಿ.

ಮೊದಲು ಹೆಸರು ನೋಡಿ: ಕೇಸು ಯಾರದು

ಕಂಪ್ಲೇಂಟ್‌ನ ತಲೆಬರಹದಲ್ಲಿ ‘ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ’ ಎಂದಿದ್ದರೆ ಅದು ಫೆಡರಲ್, ಅಂದರೆ ಕೇಂದ್ರದ ಕಾನೂನು. ‘ಸ್ಟೇಟ್ ಆಫ್ ಟೆಕ್ಸಾಸ್’, ‘ಪೀಪಲ್ ಆಫ್ ದಿ ಸ್ಟೇಟ್ ಆಫ್ ಕ್ಯಾಲಿಫೋರ್ನಿಯಾ’, ‘ಕಾಮನ್‌ವೆಲ್ತ್ ಆಫ್ ವರ್ಜೀನಿಯಾ’ ಎಂದಿದ್ದರೆ ರಾಜ್ಯದ ಕೇಸು. ಕಳ್ಳತನ, ಹೊಡೆದಾಟ, ಕುಡಿದು ವಾಹನ ಓಡಿಸುವುದು, ಮನೆಯೊಳಗಿನ ಹಿಂಸೆ, ಎಲ್ಲವೂ ಸಾಮಾನ್ಯವಾಗಿ ರಾಜ್ಯದ ಪಾಲಿಗೆ ಬರುತ್ತವೆ. ವೀಸಾ, ತೆರಿಗೆ, ಬ್ಯಾಂಕು, ಅಂತರರಾಜ್ಯ ವಂಚನೆ, ವಿಮಾನದೊಳಗಿನ ಗಲಾಟೆ ಇತ್ಯಾದಿ ಫೆಡರಲ್.

ಕೋರ್ಟಿನ ಹೆಸರೂ ಸುಳಿವು ಕೊಡುತ್ತದೆ. ನ್ಯೂಜೆರ್ಸಿಯಲ್ಲಿ ಸಣ್ಣ ಕೇಸುಗಳು ಮುನಿಸಿಪಲ್ ಕೋರ್ಟಿನಲ್ಲಿ ನಡೆದರೆ, ಫೆಲನಿಗೆ ಸಮನಾದವು ಸುಪೀರಿಯರ್ ಕೋರ್ಟಿಗೆ ಹೋಗುತ್ತವೆ. ಟೆಕ್ಸಾಸ್‌ನಲ್ಲಿ ಫೆಲನಿ ಎಂದರೆ ಡಿಸ್ಟ್ರಿಕ್ಟ್ ಕೋರ್ಟು. ನ್ಯೂಯಾರ್ಕಿನಲ್ಲಿ ‘ಸುಪ್ರೀಂ ಕೋರ್ಟ್’ ಎಂದು ಬರೆದದ್ದನ್ನು ನೋಡಿ ಊರಿನಲ್ಲಿರುವ ಅಪ್ಪ ಅಮ್ಮ ಕಂಗಾಲಾಗುವುದುಂಟು. ಅಲ್ಲಿ ಅದು ವಿಚಾರಣಾ ನ್ಯಾಯಾಲಯದ ಹೆಸರು. ನಮ್ಮ ದೆಹಲಿಯ ಸುಪ್ರೀಂ ಕೋರ್ಟಿನಂಥ ಸ್ಥಾನದಲ್ಲಿರುವುದು ಆ ರಾಜ್ಯದಲ್ಲಿ ಕೋರ್ಟ್ ಆಫ್ ಅಪೀಲ್ಸ್.

ಫೆಡರಲ್ ಏಣಿ

ಕೇಂದ್ರದ ಕಾನೂನಿನಲ್ಲಿ ಗೊಂದಲ ಕಡಿಮೆ. ಫೆಡರಲ್ ಕಾನೂನು ಸಂಹಿತೆಯ 18ನೇ ಟೈಟಲ್‌ನ (ಭಾಗದ) 3559ನೇ ಸೆಕ್ಷನ್ ಗರಿಷ್ಠ ಶಿಕ್ಷೆಯ ಮೇಲೆ ಮೆಟ್ಟಿಲು ಕಟ್ಟಿಟ್ಟಿದೆ.

ಜೀವಾವಧಿ ಅಥವಾ ಮರಣದಂಡನೆ ಇದ್ದರೆ ಎ ದರ್ಜೆಯ ಫೆಲನಿ. 25 ವರ್ಷ ಅಥವಾ ಮೇಲ್ಪಟ್ಟು ಬಿ. 10ರಿಂದ 25ರೊಳಗೆ ಸಿ. 5ರಿಂದ 10ರೊಳಗೆ ಡಿ. ಒಂದು ವರ್ಷಕ್ಕಿಂತ ಹೆಚ್ಚು, 5ಕ್ಕಿಂತ ಕಡಿಮೆ ಇದ್ದರೆ ಇ. ಅಲ್ಲಿಂದ ಕೆಳಗೆ ಮಿಸ್‌ಡಿಮೀನರ್: ಆರು ತಿಂಗಳು ಮೀರಿ ಒಂದು ವರ್ಷದವರೆಗೆ ಎ, 30 ದಿನ ಮೀರಿ ಆರು ತಿಂಗಳವರೆಗೆ ಬಿ, 5 ದಿನ ಮೀರಿ 30 ದಿನದವರೆಗೆ ಸಿ. ಐದು ದಿನ ಅಥವಾ ಅದಕ್ಕೂ ಕಡಿಮೆ, ಇಲ್ಲವೇ ಜೈಲೇ ಇಲ್ಲದ್ದು ಇನ್‌ಫ್ರಾಕ್ಷನ್.

ದರ್ಜೆಯ ಹಿಂದೆಯೇ ಬೇರೆ ಲೆಕ್ಕಗಳೂ ಬರುತ್ತವೆ. ಫೆಲನಿಗೆ ವ್ಯಕ್ತಿಯೊಬ್ಬನ ದಂಡ 2,50,000 ಡಾಲರ್‌ವರೆಗೆ ಹೋಗಬಹುದು. ಸಾವು ಸಂಭವಿಸದ ಎ ದರ್ಜೆಯ ಮಿಸ್‌ಡಿಮೀನರ್‌ಗೆ ಮಿತಿ 1,00,000. ಎ ಮತ್ತು ಬಿ ದರ್ಜೆಯ ಫೆಲನಿಗೆ ಬರೀ ಪ್ರೊಬೇಷನ್ ಕೊಡುವಂತಿಲ್ಲ. ಜೈಲಿನಿಂದ ಬಂದ ಮೇಲಿನ ನಿಗಾ ಅವಧಿ ಎ–ಬಿಗೆ 5 ವರ್ಷದವರೆಗೆ, ಸಿ–ಡಿಗೆ 3 ವರ್ಷದವರೆಗೆ, ಇ ದರ್ಜೆಗೆ ಒಂದು ವರ್ಷದವರೆಗೆ. ಸಂವಿಧಾನದ ಐದನೇ ತಿದ್ದುಪಡಿಯ ಪ್ರಕಾರ ಫೆಡರಲ್ ಫೆಲನಿಯ ಆರೋಪ ಗ್ರ್ಯಾಂಡ್ ಜ್ಯೂರಿಯ (ಆರೋಪ ಹೊರಿಸಲು ಆಧಾರವಿದೆಯೇ ಎಂದು ನೋಡುವ ನಾಗರಿಕರ ಮಂಡಳಿಯ) ಮೂಲಕವೇ ಬರಬೇಕು, ಆರೋಪಿ ತಾನೇ ಬೇಡವೆಂದರೆ ಮಾತು ಬೇರೆ. ರಾಜ್ಯಗಳಿಗೆ ಈ ಕಟ್ಟು ಇಲ್ಲ. ನ್ಯೂಯಾರ್ಕ್, ನ್ಯೂಜೆರ್ಸಿ, ಟೆಕ್ಸಾಸ್ ತಾವಾಗಿ ಗ್ರ್ಯಾಂಡ್ ಜ್ಯೂರಿ ಇಟ್ಟುಕೊಂಡಿವೆ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನ ಫೆಲನಿಗಳು ನ್ಯಾಯಾಧೀಶರ ಮುಂದಿನ ಪ್ರಾಥಮಿಕ ವಿಚಾರಣೆಯಲ್ಲಿ ಸಾಗುತ್ತವೆ.

ಏಣಿ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ತೆರಿಗೆಯನ್ನೇ ನೋಡಿ. ಬೇಕೆಂದೇ ರಿಟರ್ನ್ ಹಾಕದೆ ಕೂತರೆ ಗರಿಷ್ಠ ಒಂದು ವರ್ಷ, ಮಿಸ್‌ಡಿಮೀನರ್. ಸುಳ್ಳೆಂದು ಗೊತ್ತಿದ್ದೂ ರಿಟರ್ನ್‌ಗೆ ಸಹಿ ಹಾಕಿದರೆ 3 ವರ್ಷ, ಇ ದರ್ಜೆಯ ಫೆಲನಿ. ತೆರಿಗೆ ತಪ್ಪಿಸಲು ಲೆಕ್ಕ ಮುಚ್ಚಿಟ್ಟು ಆಟ ಹೂಡಿದರೆ 5 ವರ್ಷ, ಡಿ ದರ್ಜೆ.

ರಾಜ್ಯಕ್ಕೊಂದು ಮಾತು

ಹೆಚ್ಚಿನ ರಾಜ್ಯಗಳು ‘ಒಂದು ವರ್ಷಕ್ಕಿಂತ ಹೆಚ್ಚು’ ಎಂಬ ಗೆರೆಯನ್ನೇ ಹಿಡಿದಿವೆ. ಮೋಸಹೋಗುವುದು ಅದನ್ನು ಹಿಡಿಯದ ರಾಜ್ಯಗಳಲ್ಲಿ.

ನ್ಯೂಜೆರ್ಸಿಯ ಕಾಗದದಲ್ಲಿ ಫೆಲನಿ ಎಂಬ ಪದವೇ ಕಾಣುವುದಿಲ್ಲ. ಒಂದರಿಂದ ನಾಲ್ಕನೇ ಡಿಗ್ರಿಯ ‘ಇಂಡೈಟಬಲ್ ಕ್ರೈಮ್’ ಎಂದಿರುತ್ತದೆ. ನಾಲ್ಕನೆಯದಕ್ಕೆ 18 ತಿಂಗಳವರೆಗೆ, ಮೂರನೆಯದಕ್ಕೆ 3ರಿಂದ 5 ವರ್ಷ, ಎರಡನೆಯದಕ್ಕೆ 5ರಿಂದ 10, ಮೊದಲನೆಯದಕ್ಕೆ ಸಾಮಾನ್ಯವಾಗಿ 10ರಿಂದ 20. ಇವಕ್ಕಿಂತ ಕೆಳಗಿನದು ‘ಡಿಸಾರ್ಡರ್ಲಿ ಪರ್ಸನ್ಸ್’ ಅಪರಾಧ, ಗರಿಷ್ಠ ಆರು ತಿಂಗಳು. ಫೆಲನಿ ಎಂದು ಎಲ್ಲೂ ಬರೆದಿಲ್ಲವಲ್ಲ ಎಂದು ನೆಮ್ಮದಿ ಪಟ್ಟು, ಉದ್ಯೋಗದ ಅರ್ಜಿಯಲ್ಲಿ ‘ಫೆಲನಿ ಇಲ್ಲ’ ಎಂದು ಬರೆದವರು ಸಿಕ್ಕಿಬೀಳುವುದು ಇಲ್ಲೇ. ಮೇನ್ ರಾಜ್ಯದಲ್ಲೂ ಆ ಪದವಿಲ್ಲ. ಅಲ್ಲಿ ಎ, ಬಿ, ಸಿ ದರ್ಜೆಯವು ಫೆಲನಿಗೆ ಸಮ.

ಮ್ಯಾಸಚೂಸೆಟ್ಸ್‌ನಲ್ಲಿ ಗೆರೆ ವರ್ಷದ್ದಲ್ಲ, ಜೈಲಿನದು. ಸ್ಟೇಟ್ ಪ್ರಿಸನ್‌ಗೆ ಕಳಿಸಬಹುದಾದದ್ದು ಫೆಲನಿ, ಕೌಂಟಿಯ ಹೌಸ್ ಆಫ್ ಕರೆಕ್ಷನ್‌ನಲ್ಲೇ ಮುಗಿಯುವುದು ಮಿಸ್‌ಡಿಮೀನರ್. ಹಾಗಾಗಿ ಅಲ್ಲಿ ಎರಡೂವರೆ ವರ್ಷದ ಮಿಸ್‌ಡಿಮೀನರ್ ಇರಬಲ್ಲದು. ಪೆನ್ಸಿಲ್ವೇನಿಯಾದಲ್ಲಿ ಮೊದಲ ಡಿಗ್ರಿಯ ಮಿಸ್‌ಡಿಮೀನರ್‌ಗೆ 5 ವರ್ಷ. ಮೇರಿಲ್ಯಾಂಡಿನಲ್ಲಿ ಎರಡನೇ ಡಿಗ್ರಿಯ ಹಲ್ಲೆ ಹೆಸರಿಗೆ ಮಿಸ್‌ಡಿಮೀನರ್, ಶಿಕ್ಷೆ 10 ವರ್ಷದವರೆಗೆ. ಇಂಥ ಕಡೆ ಕಾಗದದ ಮೇಲಿನ ಹೆಸರನ್ನು ನಂಬಿಕೊಂಡು ಕೂರಬಾರದು. ಒಂದು ವರ್ಷ ಮೀರಿದ ಶಿಕ್ಷೆಯನ್ನೇ ಲೆಕ್ಕಕ್ಕೆ ಹಿಡಿಯುವ ಬೇರೆ ಕಾನೂನುಗಳು, ವಲಸೆಯದಾಗಲಿ ಬಂದೂಕಿನದಾಗಲಿ, ಬಹುಮಟ್ಟಿಗೆ ಹೆಸರು ಏನೆಂದು ಕೇಳುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ‘ವಾಬ್ಲರ್’ ಎಂಬ ಮಾತು ಕಿವಿಗೆ ಬೀಳುತ್ತದೆ. ಆಚೆಗೂ ಈಚೆಗೂ ವಾಲಬಲ್ಲ ಅಪರಾಧ ಎಂದರ್ಥ. ಪ್ರಾಸಿಕ್ಯೂಟರ್ (ಸರ್ಕಾರದ ಪರ ಕೇಸು ನಡೆಸುವ ವಕೀಲ) ಅದನ್ನು ಫೆಲನಿಯಾಗಿಯೂ ಹಾಕಬಹುದು, ಮಿಸ್‌ಡಿಮೀನರ್ ಆಗಿಯೂ ಹಾಕಬಹುದು. ಪೀನಲ್ ಕೋಡ್ 17(ಬಿ) ಪ್ರಕಾರ ನ್ಯಾಯಾಧೀಶರು ಆಮೇಲೂ ಕೆಳಗಿಳಿಸಬಹುದು. ಸಂಗಾತಿಗೆ ಗಾಯ ಮಾಡಿದ 273.5ನೇ ಸೆಕ್ಷನ್ ಹೀಗೆ ವಾಲುವಂಥದ್ದು, 4 ವರ್ಷದವರೆಗೆ ಹೋಗಬಲ್ಲದು. ವಕೀಲರಿಗೆ ಕೆಲಸ ಮಾಡಲು ಎಡೆಯಿರುವುದು ಇಲ್ಲಿ, ಅದರಲ್ಲೂ ಆರೋಪ ದಾಖಲಾಗುವ ಮುಂಚಿನ ದಿನಗಳಲ್ಲಿ.

ಟೆಕ್ಸಾಸ್‌ನಲ್ಲಿ ಕ್ಯಾಪಿಟಲ್, ಮೊದಲ, ಎರಡನೇ, ಮೂರನೇ ಡಿಗ್ರಿಗಳ ಕೆಳಗೆ ‘ಸ್ಟೇಟ್ ಜೈಲ್ ಫೆಲನಿ’ ಇದೆ: 180 ದಿನದಿಂದ 2 ವರ್ಷ. ‘ಸ್ಟೇಟ್ ಜೈಲ್’ ಎಂಬ ಹೆಸರು ಕೇಳಿ ಅದನ್ನು ಸಣ್ಣದೆಂದು ಬಗೆಯಬೇಡಿ, ಪೂರ್ತಿ ಫೆಲನಿಯೇ.

ಮೆಟ್ಟಿಲು ಹತ್ತಿಸುವ ಸಂಗತಿಗಳು

ಸೆಕ್ಷನ್ ಸಂಖ್ಯೆ ಸಿಕ್ಕಿತು ಅಂದರೆ ಅರ್ಧ ಕೆಲಸವಾಯಿತು. ಅದೇ ಸೆಕ್ಷನ್‌ನೊಳಗೆ ಡಿಗ್ರಿ ಏರಿಸುವ ಉಪವಿಧಿಗಳಿರುತ್ತವೆ. ಮುಖ್ಯವಾದವು ಮೊತ್ತ, ಹಿಂದಿನ ಕೇಸು, ಎದುರಿಗಿದ್ದವರು ಯಾರು, ಕೈಯಲ್ಲಿ ಏನಿತ್ತು ಎನ್ನುವುದು.

ಕಳ್ಳತನ ಫೆಲನಿಯಾಗುವ ಮೊತ್ತ ರಾಜ್ಯ ಬದಲಾದಂತೆ ಬದಲಾಗುತ್ತದೆ. ನ್ಯೂಜೆರ್ಸಿಯಲ್ಲಿ 200 ಡಾಲರ್‌ಗೇ ನಾಲ್ಕನೇ ಡಿಗ್ರಿ, 500 ದಾಟಿದರೆ ಮೂರನೇ ಡಿಗ್ರಿ. ಇಲಿನಾಯ್‌ನಲ್ಲಿ ಅಂಗಡಿ ಕಳವು 300 ದಾಟಿದರೆ ಫೆಲನಿ, ಜಾರ್ಜಿಯಾದಲ್ಲಿ 500 ದಾಟಿದರೆ. ಫ್ಲಾರಿಡಾ ಮತ್ತು ವಾಷಿಂಗ್ಟನ್‌ನಲ್ಲಿ ಗೆರೆ 750, ಕ್ಯಾಲಿಫೋರ್ನಿಯಾದಲ್ಲಿ 950, ನ್ಯೂಯಾರ್ಕ್, ವರ್ಜೀನಿಯಾ, ನಾರ್ತ್ ಕ್ಯಾರೊಲಿನಾದಲ್ಲಿ 1,000, ಮ್ಯಾಸಚೂಸೆಟ್ಸ್‌ನಲ್ಲಿ 1,200, ಟೆಕ್ಸಾಸ್‌ನಲ್ಲಿ 2,500. ಅಂಗಡಿ ಕಳವಿನಲ್ಲಿ ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು ಅಂಗಡಿಯವರ ಚೀಟಿಯ ಮೇಲಿನ ಮಾರಾಟದ ಬೆಲೆ. ಅದಕ್ಕೇ ವಕೀಲರು ಮೊದಲು ಕೇಳುವುದು ಆ ಸಾಮಾನಿನ ಪಟ್ಟಿಯನ್ನು. ದುಡ್ಡು ಕೊಟ್ಟ ಸಾಮಾನನ್ನೂ ಸೇರಿಸಿ 210 ಎಂದು ಬರೆದಿದ್ದಾರೆಯೇ, ಆ ದಿನ ರಿಯಾಯಿತಿ ದರವಿತ್ತೇ ಎಂದು ಒಂದೊಂದೇ ಸಾಲು ನೋಡುತ್ತಾರೆ. ಹನ್ನೊಂದು ಡಾಲರ್ ಇಳಿದರೂ ಆ ಹುಡುಗನ ಕೇಸು ಸುಪೀರಿಯರ್ ಕೋರ್ಟಿನಿಂದ ಮುನಿಸಿಪಲ್ ಕೋರ್ಟಿಗೆ ಇಳಿಯುತ್ತದೆ.

ಮೊತ್ತವೇ ಲೆಕ್ಕಕ್ಕೆ ಬಾರದ ಕಳ್ಳತನಗಳೂ ಇವೆ. ನ್ಯೂಯಾರ್ಕಿನಲ್ಲಿ ಬೇರೆಯವರ ಕ್ರೆಡಿಟ್ ಕಾರ್ಡ್ ಕದ್ದರೆ, ಅಥವಾ ಮೈಮೇಲಿಂದ, ಜೇಬಿನಿಂದ ಏನನ್ನೇ ಎಗರಿಸಿದರೆ, ಬೆಲೆ ಎಷ್ಟಾದರೂ ಇರಲಿ ಅದು ಇ ದರ್ಜೆಯ ಫೆಲನಿ. ಹಿಂದಿನ ಕೇಸಿದ್ದರೂ ಹಾಗೆಯೇ. ಕ್ಯಾಲಿಫೋರ್ನಿಯಾದಲ್ಲಿ 2024ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ 36ನೇ ಪ್ರಸ್ತಾವದ ನಂತರ, ಹಿಂದೆ ಎರಡು ಕಳ್ಳತನದ ಶಿಕ್ಷೆಯಾಗಿದ್ದವರ ಮೇಲೆ 950ರೊಳಗಿನ ಕಳವನ್ನೂ ಫೆಲನಿಯಾಗಿ ಹಾಕಬಹುದು.

ಕುಡಿದು ಓಡಿಸುವುದು ಹೆಚ್ಚಿನ ಕಡೆ ಮೊದಲ ಸಲ ಮಿಸ್‌ಡಿಮೀನರ್. ರಕ್ತದಲ್ಲಿ ಆಲ್ಕೋಹಾಲ್ ಮಿತಿ 0.08, ಯೂಟಾದಲ್ಲಿ 0.05. ನ್ಯೂಯಾರ್ಕಿನಲ್ಲಿ ಹತ್ತು ವರ್ಷದೊಳಗೆ ಎರಡನೇ ಸಲವಾದರೆ ಫೆಲನಿ. ಟೆಕ್ಸಾಸ್‌ನಲ್ಲಿ ಮೂರನೇ ಸಲ, ಕ್ಯಾಲಿಫೋರ್ನಿಯಾದಲ್ಲಿ ಹತ್ತು ವರ್ಷದೊಳಗೆ ನಾಲ್ಕನೇ ಸಲ. ಆದರೆ ಕಾರಿನಲ್ಲಿ ಮಗು ಕೂತಿದ್ದರೆ ಮೊದಲ ಸಲವೇ ಮೆಟ್ಟಿಲು ಏರುತ್ತದೆ: ನ್ಯೂಯಾರ್ಕಿನಲ್ಲಿ 15 ವರ್ಷ ಅಥವಾ ಅದರೊಳಗಿನ ಮಗು, ಟೆಕ್ಸಾಸ್‌ನಲ್ಲಿ 15ಕ್ಕಿಂತ ಚಿಕ್ಕ ಮಗು. ದೀಪಾವಳಿ ಪಾರ್ಟಿ ಮುಗಿಸಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಎರಡೇ ಮೈಲಿ ತಾನೇ ಎಂದು ಹೊರಡುವ ಅಪ್ಪಂದಿರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮನೆಯೊಳಗಿನ ಜಗಳದಲ್ಲಿ ಒಂದು ಸಂಗತಿ ಎಲ್ಲವನ್ನೂ ಬದಲಿಸುತ್ತದೆ: ಕುತ್ತಿಗೆಗೆ ಕೈ. ಟೆಕ್ಸಾಸ್‌ನಲ್ಲಿ ಮನೆಯವರ ಉಸಿರು ಕಟ್ಟಿಸಿದರೆ ಮೂರನೇ ಡಿಗ್ರಿಯ ಫೆಲನಿ, 2ರಿಂದ 10 ವರ್ಷ. ನ್ಯೂಯಾರ್ಕಿನಲ್ಲಿ ಉಸಿರು ತಡೆದದ್ದರಿಂದ ಪ್ರಜ್ಞೆ ತಪ್ಪಿದರೆ ಅಥವಾ ಗಾಯವಾದರೆ ಡಿ ದರ್ಜೆಯ ಫೆಲನಿ. ಇನ್ನೊಂದು ಮಾತು ನಮ್ಮವರಿಗೆ ತಿಳಿದಿರಲೇಬೇಕು. ಪೊಲೀಸರು ಬಂದು ಹೋದ ಮೇಲೆ ಹೆಂಡತಿ ‘ಕಂಪ್ಲೇಂಟ್ ವಾಪಸ್ ತಗೋತೀನಿ’ ಎಂದರೆ ಕೇಸು ನಿಲ್ಲುವುದಿಲ್ಲ. ಕೇಸು ನಡೆಸುವುದು ರಾಜ್ಯ, ಬಿಡುವುದೂ ಮುಂದುವರಿಸುವುದೂ ಪ್ರಾಸಿಕ್ಯೂಟರ್ ಕೈಯಲ್ಲಿ. ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವ ದಾರಿ ಅಲ್ಲಿ ಇಲ್ಲ. ಸಂಪರ್ಕಿಸಬಾರದೆಂಬ ಕೋರ್ಟ್ ಆದೇಶವಿದ್ದಾಗ ಕ್ಷಮೆ ಕೇಳಲು ಒಂದು ವಾಟ್ಸಾಪ್ ಸಂದೇಶ ಹಾಕಿದರೂ, ಬೇರೆಯವರ ಕೈಲಿ ಹೇಳಿ ಕಳಿಸಿದರೂ, ಅದು ಹೊಸ ಕೇಸಾಗಬಲ್ಲದು.

ಗೊತ್ತಿಲ್ಲದೆ ಕಾಲಿಡುವ ಫೆಡರಲ್ ಫೆಲನಿಗಳು

ನಗದು ಹಣದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಪ್ರಾಮಾಣಿಕರೂ ಎಡವುತ್ತಾರೆ. ದಿನದಲ್ಲಿ 10,000 ಡಾಲರ್ ಮೀರಿ ನಗದು ಕಟ್ಟಿದರೆ ಬ್ಯಾಂಕು ಸರ್ಕಾರಕ್ಕೆ ವರದಿ ಕೊಡುತ್ತದೆ. ಆ ವರದಿಯಿಂದ ನಿಮಗೆ ಯಾವ ತೊಂದರೆಯೂ ಇಲ್ಲ. ‘ಸುಮ್ಮನೆ ಯಾಕೆ’ ಎಂದು ವರದಿ ತಪ್ಪಿಸಲು ಇವತ್ತು 9,000, ನಾಳೆ 9,000 ಎಂದು ತುಂಡು ಮಾಡಿ ಕಟ್ಟಿದರೆ ಅದಕ್ಕೆ ‘ಸ್ಟ್ರಕ್ಚರಿಂಗ್’ ಎಂದು ಹೆಸರು: 5 ವರ್ಷ, ಡಿ ದರ್ಜೆಯ ಫೆಲನಿ. ದುಡ್ಡು ಬೆವರು ಸುರಿಸಿ ದುಡಿದದ್ದೇ ಆಗಿದ್ದರೂ ಅಪರಾಧ ಅಪರಾಧವೇ. ಬೆಂಗಳೂರಿನಿಂದ ಬರುವ ತಂದೆ ತಾಯಿ 10,000 ಡಾಲರ್‌ಗಿಂತ ಹೆಚ್ಚು ನಗದು ತರುವುದನ್ನು ಅಮೆರಿಕ ತಡೆಯುವುದಿಲ್ಲ, ಕಸ್ಟಮ್ಸ್‌ನಲ್ಲಿ ಬರೆದುಕೊಡಬೇಕು ಅಷ್ಟೆ. ಒಂದೇ ಕುಟುಂಬವಾಗಿ ಬರುವವರ ಮೊತ್ತವನ್ನು ಕೂಡಿಸಿಯೇ ಕೇಳುತ್ತಾರೆ. ಬರೆಯದಿರಲೆಂದು ಪೆಟ್ಟಿಗೆಯ ಅಡಿಯಲ್ಲಿ ಬಚ್ಚಿಟ್ಟರೆ 5 ವರ್ಷದ ಫೆಲನಿ, ಹಣವೂ ಜಪ್ತಿ.

ಸುಳ್ಳು ಅನುಭವಪತ್ರ, ಇಲ್ಲದ ಉದ್ಯೋಗ ತೋರಿಸಿ ವೀಸಾ ಅರ್ಜಿ ಹಾಕುವುದು 1546ನೇ ಸೆಕ್ಷನ್: ಸಾಮಾನ್ಯವಾಗಿ 10 ವರ್ಷದವರೆಗೆ. ಬರೀ ಗ್ರೀನ್ ಕಾರ್ಡಿನಂಥ ವಲಸೆ ಕಾಗದಕ್ಕಾಗಿ ಮದುವೆಯಾದರೆ 5 ವರ್ಷ. ಫೆಡರಲ್ ಅಧಿಕಾರಿಗೆ ಬೇಕೆಂದೇ ಸುಳ್ಳು ಹೇಳಿದರೆ, ಪ್ರಮಾಣ ಮಾಡಿರದಿದ್ದರೂ, 1001ನೇ ಸೆಕ್ಷನ್ ಪ್ರಕಾರ 5 ವರ್ಷ. ಇಮೇಲ್, ಫೋನ್ ಬಳಸಿದ ವಂಚನೆಗೆ 20 ವರ್ಷ. ಕಂಪನಿ ಬಿಡುವಾಗ ವ್ಯಾಪಾರದ ಗುಟ್ಟುಗಳನ್ನು ಕದ್ದೊಯ್ದರೆ 10 ವರ್ಷ.

ಬಂದೂಕು ಇನ್ನೊಂದು ಬಲೆ. ಎಚ್-1ಬಿ (ಉದ್ಯೋಗ), ಎಫ್-1ನಂಥ (ವಿದ್ಯಾರ್ಥಿ) ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಸಾಮಾನ್ಯ ನಿಯಮದಲ್ಲಿ ಫೆಡರಲ್ ಫೆಲನಿ, 15 ವರ್ಷದವರೆಗೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ರಾಜ್ಯದ ಕಾನೂನು ಎಷ್ಟೇ ಸಡಿಲವಾಗಿದ್ದರೂ ಇದು ಬದಲಾಗುವುದಿಲ್ಲ. ಹಿಂದೆ ಫೆಲನಿ ಶಿಕ್ಷೆಯಾದವರಿಗೂ, ಮನೆಯೊಳಗಿನ ಹಿಂಸೆಯ ಮಿಸ್‌ಡಿಮೀನರ್ ಆದವರಿಗೂ ಇದೇ ನಿಷೇಧ.

ಗಾಂಜಾ ಅನೇಕ ರಾಜ್ಯಗಳಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಫೆಡರಲ್ ಕಾನೂನಿನಲ್ಲಿ ಇನ್ನೂ ನಿಷಿದ್ಧ. ಮೊದಲ ಸಲ ಸ್ವಂತಕ್ಕೆ ಇಟ್ಟುಕೊಂಡದ್ದು ಅಲ್ಲಿ ಮಿಸ್‌ಡಿಮೀನರ್. ಆದರೆ ವೀಸಾದವರು ಗಡಿಯಲ್ಲಿ ‘ಹೌದು, ಸೇದಿದ್ದೆ’ ಎಂದು ಒಪ್ಪಿಕೊಂಡರೂ ಪ್ರವೇಶಕ್ಕೆ ಅಡ್ಡಿಯಾಗಬಹುದು.

ವೀಸಾ, ಗ್ರೀನ್ ಕಾರ್ಡ್ ಇದ್ದವರಿಗೆ ಎರಡನೇ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದು ಕ್ರಿಮಿನಲ್ ಕೋರ್ಟಿನ ಲೆಕ್ಕ. ವಲಸೆ ಕಾನೂನು ತನ್ನದೇ ಮಾಪಕ ಇಟ್ಟುಕೊಂಡಿದೆ. ಹೆಚ್ಚಿನ ಅನಾಹುತ ಆಗುವುದು ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ. 

‘ಅಗ್ರವೇಟೆಡ್ ಫೆಲನಿ’ ಎಂಬ ಪಟ್ಟಿ 1988ರಲ್ಲಿ ಹುಟ್ಟಿತು. ಆಗ ಅದರಲ್ಲಿದ್ದವು ಕೊಲೆ, ಮಾದಕವಸ್ತು ಮತ್ತು ಶಸ್ತ್ರಾಸ್ತ್ರ ಸಾಗಣೆ. 1996ರಲ್ಲಿ ಅದು ಬಹಳ ಹಿಗ್ಗಿತು. ಈಗ ಕಳ್ಳತನಕ್ಕೆ ಒಂದು ವರ್ಷ ಅಥವಾ ಹೆಚ್ಚು ಶಿಕ್ಷೆ ವಿಧಿಸಿದ್ದರೆ ಅದು ಅಗ್ರವೇಟೆಡ್ ಫೆಲನಿ, ರಾಜ್ಯ ಅದನ್ನು ಮಿಸ್‌ಡಿಮೀನರ್ ಎಂದು ಕರೆದಿದ್ದರೂ. ‘ಒಂದು ವರ್ಷ ಜೈಲು, ಆದರೆ ಅಮಾನತಿನಲ್ಲಿ’ ಎಂದು ಬರೆದರೂ ಪೂರ್ತಿ ವರ್ಷವೇ ಲೆಕ್ಕ. ವಂಚನೆಯಲ್ಲಿ ಶಿಕ್ಷೆ ಎಷ್ಟೆಂದು ನೋಡುವುದಿಲ್ಲ, ನಷ್ಟ 10,000 ಡಾಲರ್ ಮೀರಿತೇ ಎಂದು ನೋಡುತ್ತಾರೆ. ಈ ಪಟ್ಟಿಗೆ ಬಿದ್ದರೆ ಗ್ರೀನ್ ಕಾರ್ಡ್ ಇದ್ದವರಿಗೂ ಗಡೀಪಾರಿನಿಂದ ಪಾರಾಗುವ ಬಹುತೇಕ ಬಾಗಿಲುಗಳು ಮುಚ್ಚುತ್ತವೆ, ಪೌರತ್ವದ ದಾರಿಯೂ ಶಾಶ್ವತವಾಗಿ.

364 ದಿನ ಎಂಬ ವಿಚಿತ್ರ ಸಂಖ್ಯೆ ಬಂದದ್ದು ಇದಕ್ಕೇ. ವಾಷಿಂಗ್ಟನ್ 2011ರಲ್ಲಿ, ಕ್ಯಾಲಿಫೋರ್ನಿಯಾ 2015ರಿಂದ, ನ್ಯೂಯಾರ್ಕ್ 2019ರಲ್ಲಿ ಮಿಸ್‌ಡಿಮೀನರ್‌ನ ಗರಿಷ್ಠ ಶಿಕ್ಷೆಯಿಂದ ಒಂದು ದಿನ ಕಳೆದವು. ಆ ಒಂದು ದಿನದಲ್ಲಿ ಎಷ್ಟೋ ಸಂಸಾರಗಳು ಉಳಿದಿವೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ದಿನವಿದೆ. ಫೆಡರಲ್ ಕೋರ್ಟಿನಲ್ಲಿ ವಕೀಲರು ‘ಒಂದು ವರ್ಷ ಒಂದು ದಿನ’ ಶಿಕ್ಷೆ ಕೇಳುವುದುಂಟು. ಸನ್ನಡತೆಯ ರಿಯಾಯಿತಿ, ವರ್ಷಕ್ಕೆ 54 ದಿನದವರೆಗೆ, ಒಂದು ವರ್ಷ ಮೀರಿದ ಶಿಕ್ಷೆಗೆ ಮಾತ್ರ ಸಿಗುತ್ತದೆ. ಹಾಗಾಗಿ ಅಮೆರಿಕದ ಪ್ರಜೆಗೆ ಅದು ಉಪಕಾರ. ಕಳ್ಳತನದಂಥ ಕೇಸಿನಲ್ಲಿ ವೀಸಾದವನಿಗೆ ಅದೇ ಉರುಳು. ನಿಮ್ಮ ವಕೀಲರಿಗೆ ನಿಮ್ಮ ವೀಸಾ ಸ್ಥಿತಿ ಮೊದಲ ದಿನವೇ ಗೊತ್ತಿರಬೇಕು.

ಎರಡನೆಯ ಪಟ್ಟಿ ‘ನೈತಿಕ ಅಧಃಪತನದ ಅಪರಾಧ’. ಕಳ್ಳತನ, ವಂಚನೆ ಸಾಮಾನ್ಯವಾಗಿ ಇದರೊಳಗೆ. ಅಮೆರಿಕಕ್ಕೆ ಪ್ರವೇಶ ಪಡೆದ ಐದು ವರ್ಷದೊಳಗೆ ಮಾಡಿದ್ದು, ಮತ್ತು ಒಂದು ವರ್ಷ ಅಥವಾ ಹೆಚ್ಚು ವಿಧಿಸಬಹುದಾದದ್ದು ಆಗಿದ್ದರೆ ಒಂದೇ ಕೇಸಿಗೂ ಗಡೀಪಾರು. ಮೊದಲು ಹೇಳಿದ ಹುಡುಗನನ್ನು ಮತ್ತೆ ನೋಡಿ. ನ್ಯೂಯಾರ್ಕಿನ 364 ದಿನ ಈ ಗೆರೆಯ ಕೆಳಗೆ ನಿಲ್ಲುತ್ತದೆ, ನ್ಯೂಜೆರ್ಸಿಯ 18 ತಿಂಗಳು ದಾಟುತ್ತದೆ. ಸಣ್ಣ ಅಪರಾಧಕ್ಕಿರುವ ಪ್ರವೇಶ ವಿನಾಯಿತಿಯೂ ಹಾಗೆಯೇ. ಗರಿಷ್ಠ ಒಂದು ವರ್ಷ ಮೀರದ, ವಿಧಿಸಿದ್ದು ಆರು ತಿಂಗಳು ಮೀರದ ಒಂದೇ ಅಪರಾಧಕ್ಕೆ ಅದು ಸಿಗುತ್ತದೆ. 18 ತಿಂಗಳಿನದಕ್ಕೆ ಸಿಗದು.

ಕುಡಿದು ಓಡಿಸಿದ್ದು ಸಾಮಾನ್ಯವಾಗಿ ಈ ಎರಡೂ ಪಟ್ಟಿಗೆ ಸೇರುವುದಿಲ್ಲ. ಆದರೂ ಬಂಧನವಾದರೆ ಸಾಕು, ಶಿಕ್ಷೆಯಾಗುವ ಮೊದಲೇ, ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಲ್ಲದು. ದೇಶದೊಳಗಿದ್ದಾಗ ಓದು, ಕೆಲಸ ತಕ್ಷಣ ನಿಲ್ಲದಿದ್ದರೂ, ಊರಿಗೆ ಹೋದ ಮೇಲೆ ಹೊಸ ವೀಸಾ ಪಡೆಯದೆ ಮರಳಲಾಗದು. ಗ್ರೀನ್ ಕಾರ್ಡಿನವರೂ ಹಳೆಯ ಕೇಸಿದ್ದರೆ ಮದುವೆ, ಗೃಹಪ್ರವೇಶ ಎಂದು ಟಿಕೆಟ್ ತೆಗೆಯುವ ಮೊದಲು ವಲಸೆ ವಕೀಲರನ್ನು ಕೇಳಬೇಕು. ಒಳಗಿದ್ದಾಗ ಸುಮ್ಮನಿದ್ದ ಕೇಸು ವಿಮಾನ ನಿಲ್ದಾಣದಲ್ಲಿ ಎದ್ದು ಕೂರುತ್ತದೆ.

ಒಪ್ಪುವ ಮೊದಲು: ಯಾವ ಮುಕ್ತಾಯ ‘ಶಿಕ್ಷೆ’ ಎನಿಸುತ್ತದೆ

ತಪ್ಪೊಪ್ಪಿಕೊಂಡು, ಮೇಲೆ ಯಾವುದಾದರೂ ದಂಡ, ಪ್ರೊಬೇಷನ್, ತರಗತಿ ಹಾಕಿದರೆ ವಲಸೆ ಕಾನೂನಿಗೆ ಅದು ಶಿಕ್ಷೆಯಾದಂತೆ (ಕನ್ವಿಕ್ಷನ್, ಅಂದರೆ ಅಪರಾಧಿಯೆಂದು ತೀರ್ಮಾನವಾದಂತೆ). ಆಮೇಲೆ ಕೋರ್ಟು ಕೇಸನ್ನು ವಜಾ ಮಾಡಿದರೂ, ದಾಖಲೆ ಅಳಿಸಿದರೂ ಹಾಗೆಯೇ. ಟೆಕ್ಸಾಸ್‌ನ ‘ಡಿಫರ್ಡ್ ಅಡ್ಜುಡಿಕೇಷನ್’ ಈ ಬಲೆ. ‘ಶಿಕ್ಷೆ ದಾಖಲಾಗುವುದಿಲ್ಲ’ ಎಂದು ಹೇಳುವುದು ರಾಜ್ಯದ ಮಟ್ಟಿಗೆ ನಿಜ, ಆದರೆ ಅದಕ್ಕಾಗಿ ತಪ್ಪೊಪ್ಪಿಕೊಳ್ಳಬೇಕು. ನ್ಯೂಯಾರ್ಕಿನ ‘ಎಸಿಡಿ’ಯಲ್ಲಿ (ವಜಾ ಮಾಡುವ ಉದ್ದೇಶದಿಂದ ಕೇಸು ಮುಂದೂಡುವುದು) ಒಪ್ಪಿಗೆ ಬೇಡ, ಕೇಸು ಕೆಲಕಾಲ ತೂಗಿ ವಜಾ ಆಗುತ್ತದೆ. ನ್ಯೂಜೆರ್ಸಿಯ ‘ಪಿಟಿಐ’ (ವಿಚಾರಣೆಗೆ ಬದಲು ನಿಗಾ ಕಾರ್ಯಕ್ರಮ) ಕೂಡ ಹೆಚ್ಚಿನ ಮೊದಲ ಕೇಸುಗಳಲ್ಲಿ ಒಪ್ಪಿಗೆಯಿಲ್ಲದೆ ಸಿಗುತ್ತದೆ, ಗಂಭೀರ ಆರೋಪಗಳಲ್ಲಿ ಮಾತ್ರ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಚಿಕ್ಕದು: ‘ಇದರಲ್ಲಿ ನಾನು ಎಲ್ಲಾದರೂ ತಪ್ಪು ಒಪ್ಪಿಕೊಳ್ಳುತ್ತಿದ್ದೇನೆಯೇ?’

2010ರ ಪಡಿಯಾ ವಿರುದ್ಧ ಕೆಂಟಕಿ ತೀರ್ಪಿನಿಂದ, ಗಡೀಪಾರಿನ ಅಪಾಯವನ್ನು ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ. ಕೇಳಲು ಹಿಂಜರಿಯಬೇಡಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮೊದಲ ಎರಡು ದಿನ

ಹೆಸರು, ಗುರುತು ಹೇಳಿ. ಅಷ್ಟಕ್ಕೇ ನಿಲ್ಲಿಸಿ ‘ವಕೀಲರು ಬೇಕು’ ಎನ್ನಿ. ನಡೆದದ್ದನ್ನು ವಿವರಿಸಿದರೆ ಬಿಟ್ಟುಬಿಡುತ್ತಾರೆ ಎಂಬ ನಂಬಿಕೆಯಲ್ಲಿ ಹೇಳಿದ ಮಾತೇ ಮುಂದೆ ಸಾಕ್ಷಿಯಾಗುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಪಬ್ಲಿಕ್ ಡಿಫೆಂಡರ್ (ಸರ್ಕಾರ ಒದಗಿಸುವ ವಕೀಲ) ಕೇಳಿ, ಆ ಹಕ್ಕಿಗೆ ಪೌರತ್ವ ಬೇಕಿಲ್ಲ. ಭಾರತದ ಕಾನ್ಸುಲೇಟ್‌ಗೆ ತಿಳಿಸಿ ಎಂದು ಕೇಳಿದರೆ ಪೊಲೀಸರು ತಿಳಿಸಬೇಕು. ಜೈಲಿನ ಫೋನಿನಲ್ಲಿ ಆಡಿದ ಮಾತು ರೆಕಾರ್ಡ್ ಆಗುತ್ತದೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ಗೊತ್ತಾದೀತು ಎಂದುಕೊಳ್ಳಬೇಡಿ, ಅನುವಾದ ಮಾಡಿಸುತ್ತಾರೆ. ಮನೆಯವರೊಂದಿಗೆ ಜಾಮೀನು, ಆರೋಗ್ಯದ ಮಾತಷ್ಟೇ ಆಡಿ.

ಅಂಗಡಿ ಕಳವಿನ ಕೇಸಾದರೆ ಕೆಲವು ವಾರದಲ್ಲಿ ಅಂಗಡಿಯ ಪರವಾಗಿ ಹಣ ಕೇಳುವ ಪತ್ರ ಬರಬಹುದು. ಅದು ಸಿವಿಲ್ ಬೇಡಿಕೆ. ಅದನ್ನು ಕಟ್ಟಿದರೆ ಕ್ರಿಮಿನಲ್ ಕೇಸು ಮುಗಿಯಿತೆಂದು ಭಾವಿಸಿ ಕೋರ್ಟಿನ ದಿನ ತಪ್ಪಿಸಿದವರ ಮೇಲೆ ವಾರಂಟ್ ಹೊರಡುತ್ತದೆ. ವರ್ಜೀನಿಯಾದಲ್ಲಿ ಗಂಟೆಗೆ 85 ಮೈಲಿ ದಾಟಿದ್ದಕ್ಕೆ ಕೊಟ್ಟ ಕಾಗದವನ್ನು ಬರೀ ಟ್ರಾಫಿಕ್ ದಂಡವೆಂದು ತಿಳಿಯಬೇಡಿ. ಅದು ರೆಕ್‌ಲೆಸ್ ಡ್ರೈವಿಂಗ್, ಮೊದಲ ದರ್ಜೆಯ ಮಿಸ್‌ಡಿಮೀನರ್, 12 ತಿಂಗಳವರೆಗೆ ಜೈಲು ಇರುವಂಥದ್ದು.

ಅರ್ಜಿಗಳಲ್ಲಿ ಏನು ಬರೆಯಬೇಕು

ಪ್ರಶ್ನೆಯ ಕ್ರಿಯಾಪದ ನೋಡಿ. ಉದ್ಯೋಗದ ಅರ್ಜಿ ಸಾಮಾನ್ಯವಾಗಿ ‘ಶಿಕ್ಷೆಯಾಗಿದೆಯೇ’ ಎಂದು ಕೇಳುತ್ತದೆ. ವೀಸಾದ ಡಿಎಸ್-160 ‘ಎಂದಾದರೂ ಬಂಧಿತರಾಗಿದ್ದೀರಾ’ ಎಂದೂ ಕೇಳುತ್ತದೆ, ವಜಾ ಆದ ಕೇಸಿಗೂ ಉತ್ತರ ಹೌದು. ಪೌರತ್ವದ ಎನ್-400 ಅಳಿಸಿದ ದಾಖಲೆಯನ್ನೂ ಕೇಳುತ್ತದೆ. ಬೆರಳಚ್ಚು ಫೆಡರಲ್ ದಾಖಲೆಯಲ್ಲಿ ಇದ್ದೇ ಇರುತ್ತದೆ. ಸಣ್ಣ ಕೇಸು ಮುಚ್ಚಿಟ್ಟದ್ದು ಮೂಲ ಕೇಸಿಗಿಂತ ದೊಡ್ಡದಾಗಿ ಬೆಳೆದು ಅರ್ಜಿಯನ್ನು ಮುಳುಗಿಸುತ್ತದೆ.

ಕೇಸು ಹೇಗೇ ಮುಗಿಯಲಿ, ಮುಗಿದ ವಾರವೇ ಕೋರ್ಟ್ ಕ್ಲರ್ಕ್ ಕಚೇರಿಗೆ ಹೋಗಿ ‘ಸರ್ಟಿಫೈಡ್ ಡಿಸ್ಪೊಸಿಷನ್’ (ಕೇಸು ಹೇಗೆ ಮುಗಿಯಿತೆಂಬ ಕೋರ್ಟಿನ ದೃಢೀಕೃತ ಪತ್ರ) ಮೂರು ಪ್ರತಿ ಕೇಳಿ, ಮೊಹರು ಇದೆಯೇ ನೋಡಿಕೊಳ್ಳಿ. ಜೊತೆಗೆ ಮೂಲ ಕಂಪ್ಲೇಂಟ್, ಪೊಲೀಸ್ ವರದಿ, ದಂಡ ಕಟ್ಟಿದ ರಸೀದಿ, ತರಗತಿ ಮುಗಿಸಿದ ಪತ್ರ ಇರಲಿ. ನ್ಯೂಯಾರ್ಕಿನಂಥ ಕಡೆ ವಜಾ ಆದ ಕೇಸನ್ನು ಸೀಲ್ ಮಾಡುತ್ತಾರೆ, ಆಮೇಲೆ ಪ್ರತಿ ಪಡೆಯುವುದು ಕಷ್ಟ. ಒಂದು ಪ್ರತಿಯನ್ನು ಪಾಸ್‌ಪೋರ್ಟ್ ಇಡುವ ಫೈಲಿನಲ್ಲಿಡಿ, ಇನ್ನೊಂದು ವಕೀಲರ ಬಳಿ ಇರಲಿ, ಮೂರನೆಯದು ಊರಿಗೆ ಹೊರಟಾಗ ಕೈಚೀಲದಲ್ಲಿ.